ಮಿನಿವ್ಯಾನಿನ ಎರಡನೇ ಸಾಲಿನ ಕಿಟಕಿ ಸೀಟು ಮರುಮಂಜೂರಾತಿ ಕುರಿತು

ಇಂದ:
ಸಂಗನಬಸಪ್ಪ, ವಯಸ್ಸು 53,
ಸೇತುವೆ ಎಂಜಿನಿಯರ್, ಲಿಸ್ಲ್ ಆಫೀಸು,
ಮೂಲತಃ ಗಜೇಂದ್ರಗಡ, ಹಾಲಿ ವಾಸ ವೆಸ್ಟ್‌ಮಂಟ್, ಇಲಿನಾಯ್.

ಗೆ:
ಶ್ರೀಮತಿ ನೂರುನ್ನೀಸಾ ಅವರು,
ಮಿನಿವ್ಯಾನಿನ ಮಾಲೀಕರು, ಚಾಲಕರು ಹಾಗೂ ಸೀಟು ಹಂಚಿಕೆ ಅಧಿಕಾರಿಗಳು,
ಅದೇ ಬೀದಿ, ಎಡಕ್ಕೆ ಮೂರನೇ ಮನೆ.

ವಿಷಯ: ಬರುವ ಫುಟ್‌ಬಾಲ್ ಸೀಸನ್ನಿಗೆ ತಮ್ಮ ವ್ಯಾನಿನ ಎರಡನೇ ಸಾಲಿನ ಕಿಟಕಿ ಸೀಟನ್ನು ಅರ್ಜಿದಾರನಿಗೆ ಮರಳಿ ನೀಡುವ ಬಗ್ಗೆ.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ, ದಿನಾಂಕ 15-11-2025, ಮಿಷಿಗನ್ನಿನ ಕಲಮಜೂ ಹತ್ತಿರದ ಹೆದ್ದಾರಿ ರೆಸ್ಟ್ ಏರಿಯಾ.
2. ಅಭಿಮಾನಿಗಳ ವೆಬ್‌ಸೈಟಿನಲ್ಲಿ 22-09-2025ರಂದು ಅರ್ಜಿದಾರನು ಬರೆದ ಪೋಸ್ಟ್.
3. ಅರ್ಜಿದಾರನ ವಾಟ್ಸಾಪ್ ಸಂದೇಶಗಳು, ಒಟ್ಟು ಹನ್ನೊಂದು. ಓದಲಾಗಿದೆ, ಉತ್ತರ ಬಂದಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. "ಮೂರು ಮನಿ ದಾಟಿ ಹೋಗಿ ತಪ್ಪಾತು ಅಂದ್ರ ಮುಗೀತು, ಇದಕ್ಕೂ ಅರ್ಜಿ ಬೇಕೇನು?" ಎಂದು ಅರ್ಜಿದಾರನ ಹೆಂಡತಿ ನೀಲಾಂಬಿಕಾ ಆಕ್ಷೇಪಣೆ ಎತ್ತಿರುತ್ತಾಳೆ. ಆದರೆ ಅರ್ಜಿದಾರನು ಅಮೆರಿಕಕ್ಕೆ ಬರುವ ಮುನ್ನ ಲೋಕೋಪಯೋಗಿ ಇಲಾಖೆಯಲ್ಲಿ ಮೂರು ವರ್ಷ ಕೆಲಸ ಮಾಡಿದವನು. ಬರವಣಿಗೆಯಲ್ಲಿ ಆದ ತಪ್ಪನ್ನು ಬರವಣಿಗೆಯಲ್ಲೇ ಸರಿಪಡಿಸಬೇಕೆಂಬುದು ಅಲ್ಲಿ ಕಲಿತ ಪಾಠ. ಅದೂ ಅಲ್ಲದೆ, ತಮ್ಮ ಮನೆಯ ಕರೆಗಂಟೆ ಒತ್ತಲು ಎರಡು ಸಲ ಹೋಗಿ, ಎರಡು ಸಲವೂ ಕೈ ಜೇಬಿನಲ್ಲೇ ಉಳಿದ ಕಾರಣ, ಈ ಅರ್ಜಿ.

1. ಅರ್ಜಿದಾರನು ಹುಟ್ಟಾ ಫುಟ್‌ಬಾಲ್ ಅಭಿಮಾನಿಯಲ್ಲ, ಅದರಲ್ಲೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕದ ಫುಟ್‌ಬಾಲಿಗೆ. ಎರಡು ವರ್ಷಗಳ ಹಿಂದೆ ತಮ್ಮ ಮಗಳು ಆಯತ್ ವಾರ್ಡ್‌ಗ್ರೋವ್ ಕಾಲೇಜಿನ ಗಂಡುಹುಡುಗರ ತಂಡಕ್ಕೆ ಕಿಕ್ಕರ್ ಆಗಿ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದೆಯುವವಳಾಗಿ, ಆಯ್ಕೆಯಾದಳು. ಕಾಲೇಜಿನಲ್ಲಿ ಇರುವುದೇ ಸಾವಿರದ ನಾನೂರು ವಿದ್ಯಾರ್ಥಿಗಳು. ತಂಡದ ಹೆಸರು ಹೆರಾನ್ಸ್, ಅಂದರೆ ಕೊಕ್ಕರೆಗಳು. ಷಿಕಾಗೋದಿಂದ ಡೆಟ್ರಾಯಿಟ್‌ವರೆಗಿನ ಎಂಟು ಪುಟ್ಟ ಕಾಲೇಜುಗಳು ಸೇರಿ ಮಾಡಿಕೊಂಡ ಟೂ ಲೇಕ್ಸ್ ಕಾನ್ಫರೆನ್ಸಿನಲ್ಲಿ ಈ ಕೊಕ್ಕರೆಗಳು ಹೆಸರಿಗೆ ತಕ್ಕಂತೆ ಬಹುಪಾಲು ಒಂಟಿಕಾಲಿನಲ್ಲಿ ನಿಂತು ನೋಡುತ್ತಿದ್ದವು. ಆಗ ತಮ್ಮ ಪತಿ ಶ್ರೀ ಅನೀಸ್ ಅವರು ತಮ್ಮ ಟೈರ್ ಅಂಗಡಿಯಿಂದ ಫೋನ್ ಮಾಡಿ, "ಬಸಣ್ಣ, ಅಲ್ಲಿ ಎಲ್ಲಾರೂ ಬ್ಯಾರೆ ಮಂದಿ. ನಮ್ಮಾಕಿ ಆಟ ನೋಡಾಕ ಹೋಗಂಗಿಲ್ಲ, ಪ್ರಾರ್ಥನಾ ಮಾಡಾಕ ಹೋಗ್ತಾಳ. ನಾ ಒಬ್ಬನ ಹ್ಯಾಂಗ ಕುಂದರಲಿ? ನೀ ಬಾ" ಎಂದರು. ಅರ್ಜಿದಾರನು ಹೋದನು.

2. ಹೋದವನು ಸುಮ್ಮನಿರಲಿಲ್ಲ ಎಂಬುದೇ ಸಮಸ್ಯೆಯ ಮೂಲ. ನಿಯಮಗಳ ಪುಸ್ತಕವನ್ನು ಪ್ರಿಂಟ್ ತೆಗೆದು ಓದಿದನು. ಎರಡನೇ ಸೀಸನ್ನಿನ ಹೊತ್ತಿಗೆ ಮಗಳ ತಂದೆತಾಯಿಗಿಂತ ಜೋರಾಗಿ ಕೂಗತೊಡಗಿದನು. ಅಷ್ಟು ಸಾಲದೆ, ಕಾನ್ಫರೆನ್ಸಿನ ಅಭಿಮಾನಿಗಳು ಸೇರುವ ವೆಬ್‌ಸೈಟಿನಲ್ಲಿ "ಬ್ರಿಡ್ಜ್‌ಮ್ಯಾನ್" ಎಂಬ ಸುಳ್ಳು ಹೆಸರಿನಲ್ಲಿ ಖಾತೆ ತೆರೆದು, ಆಫೀಸಿನ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ತಾನು ಒಮ್ಮೆಯೂ ಆಡದ ಆಟದ ಬಗ್ಗೆ ತರಬೇತುದಾರರಿಗೆ ಸಲಹೆ ನೀಡತೊಡಗಿದನು. ಈ ವಿಷಯ ನೀಲಾಂಬಿಕಾಳಿಗೂ ತಿಳಿದಿರಲಿಲ್ಲ.

3. ಸೆಪ್ಟೆಂಬರ್ 20ರ ಶನಿವಾರ, ತವರು ಮೈದಾನದಲ್ಲಿ, ಕೊಕ್ಕರೆಗಳು 20-21ರಿಂದ ಸೋತವು. ಹುಡುಗರು ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ ಮೇಲೆ ಅದನ್ನು ಎರಡು ಕಂಬಗಳ ನಡುವೆ ಒದ್ದು ಗಳಿಸಬೇಕಾದ ಆ ಒಂದೇ ಒಂದು ಅಂಕ ಆಯತ್‌ಳ ಕಾಲಿನಿಂದ ತಪ್ಪಿತ್ತು. ಆಟ ಮುಗಿದ ಮೇಲೆ ಅವಳು ಬೇಲಿಯ ಬಳಿ ಬಂದು, ಹೆಲ್ಮೆಟ್ ತೆಗೆದು, ಹಿಜಾಬಿನ ಅಂಚಿನ ಬೆವರು ಒರೆಸಿಕೊಳ್ಳುತ್ತ, ಎಡಗಾಲು ಊರುವ ಜಾಗದಲ್ಲಿ ನೆಲ ಓರೆಯಾಗಿದೆ ಎಂದು ತನ್ನ ತಂದೆಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅರ್ಜಿದಾರನು ಕೇಳಿಸಿಕೊಂಡನು. ಸೋಮವಾರ ಊಟದ ಹೊತ್ತಿಗೆ ಆಯತ್‌ಳ ಬಗ್ಗೆ "37ನೇ ನಂಬರಿನ ಕಿಕ್ಕರನ್ನು ಬದಲಿಸಿ" ಎಂದು ಬರೆದನು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ತಾನೇ ಇಂಗ್ಲಿಷಿಗೆ ತರ್ಜುಮೆ ಮಾಡಿ ಕೊನೆಗೆ ಸೇರಿಸಿದನು. ಸೇರಿಸಿ, ಎರಡು ಸಲ ಓದಿಕೊಂಡು, ಖುಷಿಪಟ್ಟನು. ಇದನ್ನು ಮುಚ್ಚಿಡುವುದು ಸರಿಯಲ್ಲವಾದ್ದರಿಂದ ದಾಖಲಿಸಿದೆ.

4. ಈ ಗಾದೆಯನ್ನು ಆ ಸೀಮೆಯವರು ಹಿಂದೆಂದೂ ಕೇಳಿರಲಿಲ್ಲ. ಆ ಕಾರಣಕ್ಕೇ ಬಹಳ ಇಷ್ಟಪಟ್ಟರು. ಮಿಷಿಗನ್ನಿನ ಒಬ್ಬ ನಿವೃತ್ತ ಮೇಷ್ಟ್ರು ಇದು ಯಾವ ಹಳೆಯ ತರಬೇತುದಾರರ ಮಾತು ಎಂದು ವಿಚಾರಿಸಿದರು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಯಾವ ತಂಡ ಸೋತರೂ, ಯಾರು ಚೆಂಡು ಬೀಳಿಸಿದರೂ, ಎಂಟೂ ಕಾಲೇಜಿನವರು ನೆಲ ಡೊಂಕು ಎಂದು ಬರೆಯುವಂತಾಯಿತು. ಅರ್ಜಿದಾರನಿಗೆ ಹೆಮ್ಮೆಯೂ ಭಯವೂ ಸಮಪ್ರಮಾಣದಲ್ಲಿ ಇದ್ದವು. ಶನಿವಾರಗಳಂದು ಅರ್ಜಿದಾರನು ತಮ್ಮ ವ್ಯಾನಿನ ಕಿಟಕಿ ಸೀಟಿನಲ್ಲಿ ಕುಳಿತು, ತಾವು ಕೊಟ್ಟ ಖರ್ಜೂರ ತಿನ್ನುತ್ತ, "ಯಾರಪಾ ಈ ಬ್ರಿಡ್ಜ್‌ಮ್ಯಾನ್ ಅನ್ನಾಂವ? ಹಡದವ್ರು ಓದತಾರ ಅನ್ನೂ ಖಬರ ಇಲ್ಲೇನು?" ಎಂದು ಅನೀಸ್ ಅವರು ಕೇಳಿದಾಗ, "ಇರ್ತಾರ ಬಿಡ್ರಿ ಅಂಥಾವ್ರು" ಎಂದು ಹೇಳಿರುತ್ತಾನೆ. ಒಟ್ಟು ನಾಲ್ಕು ಬಾರಿ.

5. ಸೀಸನ್ನಿನ ಕಡೆಯ ಪಂದ್ಯ ನವೆಂಬರ್ 15ರಂದು, ಡೆಟ್ರಾಯಿಟ್ ಸಮೀಪದ ಓಕ್‌ಹ್ಯಾವನ್ ಕಾಲೇಜಿನಲ್ಲಿ. ಫ್ಯಾರನ್‌ಹೀಟಿನಲ್ಲಿ ಮೂವತ್ತೆಂಟು ಡಿಗ್ರಿ ಚಳಿ, ಎದುರುಗಾಳಿ. ಆಯತ್ ಮೊದಲ ಸಲ ಒದೆಯಲು ಮೈದಾನಕ್ಕೆ ಇಳಿದಾಗ, ಎದುರುಗಡೆಯ ವಿದ್ಯಾರ್ಥಿಗಳು ಒಂದು ದೊಡ್ಡ ಬಿಳಿ ಬೆಡ್‌ಶೀಟನ್ನು ಬಿಚ್ಚಿ ಹಿಡಿದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಬರೆದಿತ್ತು.

ತಾವು ಕೇಳಿದಿರಿ: "ಏನ್ ಬರದಾರ ಅದು?"

ಅನೀಸ್ ಅವರು ಓದಿ ಹೇಳಿದರು: "ಫ್ಲೋರ್ ಈಸ್ ಕ್ರುಕೆಡ್ ಅಂತ. ನೆಲ ಡೊಂಕು ಅಂದಂಗ."

ತಾವು ಸ್ವಲ್ಪ ಹೊತ್ತು ಆ ಬೆಡ್‌ಶೀಟನ್ನೇ ನೋಡಿದಿರಿ. ಆಮೇಲೆ ಅರ್ಜಿದಾರನ ಕಡೆಗೆ ತಿರುಗಿ, ಬಹಳ ಮೃದುವಾಗಿ, "ಬಸಣ್ಣಾರ, ಇದು ನಮ್ಮ ಕಡೆ ಗಾದಿ ಅಲ್ಲೇನ್ರಿ?" ಎಂದಿರಿ.

"ಎಲ್ಲಾ ಕಡೆನೂ ಇರ್ತಾವ್ರಿ ಅಕ್ಕಾರ, ಇಂಥಾವು," ಎಂದು ಅರ್ಜಿದಾರನು ಉತ್ತರಿಸಿದನು. ತಾವು ಫ್ಲಾಸ್ಕ್ ತೆರೆದು ಅನೀಸ್ ಅವರಿಗೆ ಚಹಾ ಕೊಟ್ಟಿರಿ, ತಾವು ಕುಡಿದಿರಿ, ಮುಚ್ಚಳ ಹಾಕಿದಿರಿ. ಅರ್ಜಿದಾರನಿಗೆ ಆ ದಿನದ ತೀರ್ಪು ಆಗಲೇ ತಿಳಿಯಿತು.

6. ಆಯತ್ ಆ ಬೆಡ್‌ಶೀಟಿನ ಎದುರಿಗೇ ಒದ್ದಳು, ಮೂರು ಅಂಕ. ಮತ್ತೆ ಒದ್ದಳು, ಆರು. ಮೂರನೆಯದು ಕಂಬಗಳ ನಡುವೆ ಹಾದಾಗ ಹುಡುಗರು ಬೆಡ್‌ಶೀಟನ್ನು ಮಡಚಿ ಅದರ ಮೇಲೆ ಕುಳಿತುಕೊಂಡರು. ಒಂಬತ್ತಕ್ಕೆ ಒಂಬತ್ತೂ ಅವಳ ಅಂಕಗಳೇ. ಓಕ್‌ಹ್ಯಾವನ್ ಹತ್ತು. ಕಡೆಯ ಗಳಿಗೆಯಲ್ಲಿ ನಲವತ್ತೆರಡು ಗಜದಿಂದ ಇನ್ನೊಮ್ಮೆ ಒದೆಯುವ ಅವಕಾಶವಿತ್ತು. ಅರ್ಜಿದಾರನು ಬೆಂಚಿನ ಮೇಲೆ ಹತ್ತಿ ನಿಂತು, "ಆಕೀನ್ನ ಕಳಸ್ರೋ, ನಮ್ಮ ಹುಡಿಗೀನ್ನ ಕಳಸ್ರೋ" ಎಂದು ಕನ್ನಡದಲ್ಲಿ ಕೂಗಿದನು. ತರಬೇತುದಾರರಿಗೆ ಕನ್ನಡ ಬಾರದ ಕಾರಣವೋ ಏನೋ, ಒದೆಸದೆ ಒಬ್ಬ ಹುಡುಗನ ಕೈಗೆ ಚೆಂಡು ಕೊಟ್ಟು ಓಡಿಸಿದರು. ಎರಡು ಗಜದಲ್ಲಿ ಹುಡುಗ ನೆಲಕ್ಕೆ ಬಿದ್ದನು. ಸೀಸನ್ನು ಮುಗಿಯಿತು: ಮೂರು ಗೆಲುವು, ಏಳು ಸೋಲು, ಎಂಟರಲ್ಲಿ ಆರನೇ ಸ್ಥಾನ.

7. ಮರಳುವಾಗ ರೆಸ್ಟ್ ಏರಿಯಾದಲ್ಲಿ, ವ್ಯಾನಿನ ಹೊರಗೆ ನಿಂತು, ಅರ್ಜಿದಾರನು ತಪ್ಪೊಪ್ಪಿಕೊಂಡನು. ತಾವು ಸಿಟ್ಟಾಗುವಿರೆಂದು ಸಿದ್ಧನಿದ್ದನು, ತಾವು ಆದಿರಿ. "ಮುಂದಿನ ಸೀಸನ್ ನೀವು ನಿಮ್ಮ ಕಾರನ್ಯಾಗ ಬರ್ರಿ" ಎಂಬ ಉಲ್ಲೇಖಿತ ಆದೇಶವನ್ನು ಆಗಲೇ ಹೊರಡಿಸಿದಿರಿ. ಅದು ನ್ಯಾಯಸಮ್ಮತವಾಗಿತ್ತು. ಆದರೆ ಅನೀಸ್ ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಕಾಫಿ ಕಪ್ಪನ್ನು ಕಸದ ಡಬ್ಬಿಗೆ ಹಾಕಿ ಬಂದು, "ಇಷ್ಟ್ ದಿವಸ ಅದನ್ನ ಬರದಾಂವ ಯಾವನೋ ಗುರ್ತಿಲ್ಲದ ಮುದುಕ ಅಂತ ತಿಳಕೊಂಡಿದ್ದೆ. ಹೊರಗಿನಾಂವ ಅಂದ್ರ ತಡಕೋಬಹುದಿತ್ತು, ಬಸಣ್ಣ," ಎಂದಷ್ಟೇ ಹೇಳಿದರು. ಅಲ್ಲಿಂದ ವೆಸ್ಟ್‌ಮಂಟ್‌ಗೆ ನೂರೈವತ್ತು ಮೈಲಿ. ಆಮೇಲೆ ಏಳು ವಾರ ಅವರು ಅರ್ಜಿದಾರನೊಡನೆ ಮಾತು ಬಿಟ್ಟರು.

8. ಇಲ್ಲಿ ಅರ್ಜಿದಾರನ ಇನ್ನೊಂದು ಸಣ್ಣತನವನ್ನೂ ನಮೂದಿಸಬೇಕಾಗಿದೆ. ಮುಂದಿನ ಶನಿವಾರ ಅವನು ನೆಲದ ಏರಿಳಿತ ಅಳೆಯುವ ಲೇಸರ್ ಲೆವೆಲ್ ತೆಗೆದುಕೊಂಡು ವಾರ್ಡ್‌ಗ್ರೋವ್ ಮೈದಾನಕ್ಕೆ ಒಬ್ಬನೇ ಹೋದನು. ನೆಲ ನೆಟ್ಟಗಿದೆ ಎಂದು ಸಾಬೀತಾದರೆ ತಾನು ಬರೆದದ್ದರಲ್ಲಿ ಅರ್ಧವಾದರೂ ನಿಜವೆಂದು ಸಮಾಧಾನವಾದೀತೆಂಬ ಆಸೆ ಇತ್ತು. ಮಳೆನೀರು ಹರಿಯಲೆಂದು ಮೈದಾನದ ನಡು ತುಸು ಎತ್ತರವಿರುವುದು ಸಹಜ. ಆದರೆ ಆ ಸೋಲಿನ ದಿನ ಆಯತ್ ಗುರಿಯಿಟ್ಟಿದ್ದ ಉತ್ತರದ ಕಂಬಗಳಿಂದ ಇಪ್ಪತ್ತು ಗಜ ಈಚೆ, ಒದೆಯುವವಳ ಎಡಗಾಲು ಊರುವಲ್ಲಿಯೇ, ಹಳೆಯ ಪೈಪಿನ ಮೇಲಿನ ಮಣ್ಣು ಕುಸಿದು ಮೂರೂಕಾಲು ಇಂಚು ತಗ್ಗಾಗಿತ್ತು. ಅರ್ಜಿದಾರನು ಐದು ಸಲ ಅಳೆದನು. ಇಪ್ಪತ್ತೆಂಟು ವರ್ಷ ನೆಲ ಅಳೆದೇ ಅನ್ನ ಉಂಡವನು, ಹುಡುಗಿಯ ಮಾತು ಕೇಳಿದ ದಿನ ಒಂದು ಹೆಜ್ಜೆ ಬೇಲಿ ದಾಟಿ ನೋಡಿರಲಿಲ್ಲ.

9. ಆ ವಾರ ವೆಬ್‌ಸೈಟಿನಲ್ಲಿ ಎಲ್ಲ ಕಾಲೇಜಿನ ಅಭಿಮಾನಿಗಳೂ ಈ ಸೀಸನ್ ಹೇಗಿತ್ತು ಎಂದು ಬರೆಯುತ್ತಿದ್ದರು. ಅರ್ಜಿದಾರನೂ ಬರೆದನು, ಈ ಸಲ ತನ್ನ ಸ್ವಂತ ಹೆಸರಿನಲ್ಲಿ. ಅಳತೆಯನ್ನು ಹಾಕಿದನು, ಬ್ರಿಡ್ಜ್‌ಮ್ಯಾನ್ ತಾನೇ ಎಂದನು, ತಾನು ಅವಳ ತಂದೆಯ ಪಕ್ಕದಲ್ಲೇ ಕುಳಿತಿದ್ದೆ ಎಂದೂ ಬರೆದನು. ಗಾದೆಗೆ ಇನ್ನೂರು ಮಂದಿ ಉತ್ತರಿಸಿದ್ದರು. ಇದಕ್ಕೆ ಉತ್ತರಿಸಿದವರು ಮೂವರು. ಅವರಲ್ಲಿ ಒಬ್ಬರು ಆ ನಿವೃತ್ತ ಮೇಷ್ಟ್ರು. ಪೈಪಿನ ವ್ಯಾಸ ಎಷ್ಟು ಎಂದು ಕೇಳಿದರು.

10. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದ ಆಯತ್ ನೇರ ಅರ್ಜಿದಾರನ ಮನೆಗೆ ಬಂದಳು. ಅವನು ಬಾಯಿ ತೆರೆಯುವ ಮುನ್ನವೇ, ತನಗೆ ಆ ಸೋಮವಾರವೇ ಗೊತ್ತಾಗಿತ್ತೆಂದು, ಹೀಗೆ ಬರೆಯುವವರು ಇಡೀ ಇಲಿನಾಯ್‌ನಲ್ಲಿ ಇನ್ನಾರಿದ್ದಾರೆಂದು, ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು.

"ಮತ್ತ ಯಾರಿಗೂ ಯಾಕ ಹೇಳಲಿಲ್ಲವ್ವಾ?"

ಹೇಳಿದ್ದರೆ ಅಬ್ಬಾನ ಪಕ್ಕ ಕೂರಲು ಯಾರು ಬರುತ್ತಿದ್ದರು ಎಂದು ಅವಳು ತಿರುಗಿ ಕೇಳಿದಳು. "ಸಂಡೇ, ಟೆನ್ ಒ ಕ್ಲಾಕ್, ಅಂಕಲ್. ಪಾರ್ಕ್. ಯು ಹೋಲ್ಡ್ ದಿ ಬಾಲ್" ಎಂದು ಶಿಕ್ಷೆ ವಿಧಿಸಿ ಹೋದಳು.

11. ಅದರಂತೆ ರಜೆಯ ಭಾನುವಾರಗಳಂದೆಲ್ಲ ಅರ್ಜಿದಾರನು ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಮಂಡಿಯೂರಿ ಚೆಂಡು ಹಿಡಿದಿರುತ್ತಾನೆ. ಕಾಲು ಬೀಸಿ ಬರುವಾಗ ಕಣ್ಣು ಮುಚ್ಚುವುದು ಇನ್ನೂ ಬಿಟ್ಟಿಲ್ಲ. ಕಳೆದ ಭಾನುವಾರ ಅನೀಸ್ ಅವರ ಕಾರು ಬಂದು ನಿಂತಿತು. ಎಂಜಿನ್ ಆರಿಸದೆ ಹದಿನೈದು ನಿಮಿಷ ಒಳಗೇ ಕುಳಿತಿದ್ದರು. ಆಮೇಲೆ ಇಳಿದು ಬಂದು, "ಕಣ್ಣ ಮುಚ್ಚಾಕತ್ತೀಯಲ್ಲೋ ನೀ. ಸರೀ, ನಾ ಹಿಡೀತೀನಿ" ಎಂದರು. ಏಳು ವಾರಗಳ ನಂತರದ ಮೊದಲ ಮಾತು. ಎರಡನೆಯದು, ನಲವತ್ತೆರಡು ಗಜದಿಂದ ಒದೆಸದೆ ಓಡಿಸಿದ್ದೇ ಸರಿ ಎಂಬುದು. ಅರ್ಜಿದಾರನು ಅದನ್ನು ಒಪ್ಪಲಿಲ್ಲ. ಒಂದು ಗಂಟೆ ವಾದ ನಡೆಯಿತು. ಆಯತ್ ಚೆಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

12. ಸೀಟಿನ ಪ್ರಸ್ತಾಪ ಎತ್ತಿದಾಗ ಅನೀಸ್ ಅವರು, "ಅದು ನನ್ನ ಕೈಯಾಗಿಲ್ಲ. ಆಕೀನ್ನ ಕೇಳು" ಎಂದು ಕಡತವನ್ನು ತಮಗೆ ವರ್ಗಾಯಿಸಿರುತ್ತಾರೆ.

ಆದ್ದರಿಂದ ಮಾನ್ಯರು ದಯಮಾಡಿ ಉಲ್ಲೇಖ 1ರ ಆದೇಶವನ್ನು ಮರುಪರಿಶೀಲಿಸಬೇಕಾಗಿ ಕೋರಿಕೆ. ಕಿಟಕಿ ಸೀಟು ಖಾಲಿ ಇಲ್ಲದಿದ್ದಲ್ಲಿ, ಮೂರನೇ ಸಾಲಿನಲ್ಲಿ, ಐಸ್ ಬಾಕ್ಸ್ ತೊಡೆಯ ಮೇಲಿಟ್ಟುಕೊಂಡಾದರೂ ಪ್ರಯಾಣಿಸಲು ಅರ್ಜಿದಾರನು ಸಿದ್ಧನಿದ್ದಾನೆ. ಅವನ ಸ್ವಂತ ಕಾರು ಸುಸ್ಥಿತಿಯಲ್ಲಿದೆ, ಮಿಷಿಗನ್ನಿನ ದಾರಿಯೂ ಅವನಿಗೆ ಗೊತ್ತು. ಆದರೆ ಇನ್ನೂರ ತೊಂಬತ್ತು ಮೈಲಿ ಜಗಳವಾಡಲು ಅದರಲ್ಲಿ ಯಾರೂ ಇರುವುದಿಲ್ಲ.

ಇಂತಿ, ತಮ್ಮ ವ್ಯಾನಿನ ಮಾಜಿ ಪ್ರಯಾಣಿಕ ಹಾಗೂ ಹಾಲಿ ವಿಶ್ವಾಸಿ,
ಸಂಗನಬಸಪ್ಪ
ಸ್ಥಳ: ವೆಸ್ಟ್‌ಮಂಟ್
ದಿನಾಂಕ: 11-01-2026

ಲಗತ್ತುಗಳು:
1. ಮೈದಾನದ ಅಳತೆ ವರದಿ, ನಕ್ಷೆ ಸಹಿತ.
2. ಬ್ರಿಡ್ಜ್‌ಮ್ಯಾನ್ ಖಾತೆ ಮುಚ್ಚಿದ ಬಗ್ಗೆ ಸ್ಕ್ರೀನ್‌ಶಾಟ್.
3. ಅರ್ಜಿದಾರನ ಬಲಗೈ ಹೆಬ್ಬೆರಳಿನ ಎಕ್ಸ್‌ರೇ. ಮುರಿದಿಲ್ಲ.

ಪ್ರತಿ: ಶ್ರೀ ಅನೀಸ್ ಮತ್ತು ಕುಮಾರಿ ಆಯತ್ ಅವರಿಗೆ, ಮಾಹಿತಿಗಾಗಿ.

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ, ತಿರಸ್ಕಾರದ ಆದೇಶವನ್ನು ವಾಟ್ಸಾಪಿನಲ್ಲಿ ಕಳಿಸದೆ, ತಾವು ಮೂವರೂ ಖುದ್ದಾಗಿ ಅರ್ಜಿದಾರನ ಮನೆಗೆ ಬಂದು, ಕುಳಿತು, ಊಟ ಮುಗಿಸಿಕೊಂಡು ತಿಳಿಸಬೇಕಾಗಿ ವಿನಂತಿ.