ಖಂಡೇನವಮಿಯ ಬಯಾಸ್

ಕಾಚಿಗೂಡದ ನಮ್ಮ ಗಲ್ಲಿಯಲ್ಲಿ ಸ್ವಂತ ಕೈಯಿಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕಟ್ಟಿದ ಏಕೈಕ ಆಂಧ್ರ ಸರ್ಕಾರದ ಗುಮಾಸ್ತ ನಾನು! ಖಂಡೇನವಮಿಯ, ಅಂದರೆ ಆಯುಧಪೂಜೆಯ, ಸಂಜೆ ಕನ್ನಡ ಮಂದಿಯ ಭಜನೆಯಲ್ಲಿ ನನ್ನ ಹೆಂಡತಿ ಶಾರದೆ ಮೊದಲ ಬಾರಿಗೆ ಒಬ್ಬಳೇ ಹಾಡುವವಳಿದ್ದಳು.

"ನನ್ನ ದನಿ ಭಾಳ ಸಣ್ಣದೈತ್ರಿ. ಹಿಂದ ಕುಂತವ್ರಿಗೆ ಕೇಳಸ್ತೈತೋ ಇಲ್ಲೋ" ಎಂದು ವಾರದಿಂದ ಹೆದರಿದ್ದಳು.

"ಫಿಕರ್ ಮಾಡಬ್ಯಾಡ. ಸ್ಟೇಷನ್ನಿನಾಗ ನಿಂತ ಗಾಡಿಗೂ ಕೇಳಸ್ತೈತಿ!" ಎಂದೆ.

ಉಳಿದದ್ದು ಬಯಾಸ್ ಒಂದೇ. ಕೆಲಸವಿಲ್ಲದಾಗಲೂ ನಮ್ಮಂಥ ಗುಮಾಸ್ತರಿಗೆ ಚಹಾ ಬೇಕಲ್ಲ, ಹಾಗೆ ಸುಮ್ಮನೆ ಕೂತ ಟ್ರಾನ್ಸಿಸ್ಟರಿಗೂ ಚೂರು ಕರೆಂಟು ಕೊಡುತ್ತಿರಬೇಕು. ಅದೇ ಬಯಾಸ್. ಕಡಿಮೆಯಾದರೆ ದನಿ ಒಡೆಯುತ್ತದೆ, ಹೆಚ್ಚಾದರೆ ಟ್ರಾನ್ಸಿಸ್ಟರೇ ಸುಡುತ್ತದೆ. ಮೀಟರ್ ನೋಡಿಕೊಂಡು ಒಂದು ಪುಟ್ಟ ತಿರುಪು ತಿರುಗಿಸಿದರೆ ಮುಗಿಯಿತು. ಐದು ನಿಮಿಷದ ಕೆಲಸ!

ಆದರೆ ಅಂದು ಬೆಳಿಗ್ಗೆ ಭಕ್ತಿ ಉಕ್ಕಿ, ಮೀಟರು, ಸ್ಕ್ರೂಡ್ರೈವರು, ಇಕ್ಕಳ ಎಲ್ಲವನ್ನೂ ಪೂಜೆಗಿಟ್ಟು ಕುಂಕುಮ ಹಚ್ಚಿಬಿಟ್ಟಿದ್ದೆ. ಮಧ್ಯಾಹ್ನ ಕೈ ಚಾಚಿದರೆ ಅವ್ವ ಗದರಿದಳು.

"ಪೂಜಿಗಿಟ್ಟ ಹತ್ಯಾರ ಮುಟ್ಟಬ್ಯಾಡ! ನಾಳೆ ಬನ್ನಿ ಮುಡಿದ ಮ್ಯಾಲ ತಗೋ."

"ಅವ್ವಾ, ಬಯಾಸ್..."

"ಯಾರರ ಇರ್ಲಿ, ನಾಳೆ ಬರಾಕ ಹೇಳು!"

ಕೊನೆಗೆ ಶಾರದೆಯ ತಲೆಪಿನ್ನಿನಿಂದ ತಿರುಪು ತಿರುಗಿಸಿದೆ. ಮೀಟರಿನ ಬದಲು ಟ್ರಾನ್ಸಿಸ್ಟರಿನ ಮೇಲೆ ಬೆರಳಿಟ್ಟು, ಜ್ವರ ನೋಡುವ ವೈದ್ಯನಂತೆ ಗಂಭೀರವಾಗಿ ತಲೆಯಾಡಿಸಿದೆ.

ಸಂಜೆ ಅವಳು ಮೊದಲ ಸಾಲು ಹಾಡಿದಳು. ಸ್ಪೀಕರಿನಿಂದ ಹಪ್ಪಳ ಮುರಿದ ಸದ್ದು ಬಂತು. ಕರೆಂಟು ಸಾಲದು! ಪಿನ್ನನ್ನು ಅರ್ಧ ಸುತ್ತು ತಿರುಗಿಸಿದೆ. ಆಹಾ, ಮುತ್ತಿನಂಥ ದನಿ! ಎದೆಯುಬ್ಬಿಸಿ ಸಭೆಯನ್ನು ಅವಲೋಕಿಸುತ್ತಿದ್ದೆ, ಅಷ್ಟರಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಧೂಪವೆಂದು ತಿಳಿದು ಕೈಮುಗಿದರು. ಮರುಕ್ಷಣ 'ಟಪ್'! ಟ್ರಾನ್ಸಿಸ್ಟರು ಸೇವೆಯಿಂದ ನಿವೃತ್ತಿ ಹೊಂದಿತು.

ಶಾರದೆ ನನ್ನತ್ತ ನೋಡಿದಳು. ಅವಳು ಮೈಕನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ, ದನಿಯೆತ್ತಿ ಹಾಡಿದಳು. ಗುಸುಗುಸು ನಿಂತಿತು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ ಕೂತಿದ್ದ ನೆರೆಮನೆಯ ಕುಲಕರ್ಣಿ ಕಾಕಾ ಬಂದು ನನ್ನ ಕೈ ಹಿಡಿದರು.

"ಭಾಳ ಛಲೋ ಮಷೀನ್ ಮಾಡೀರಿ! ಮೊದಲ ಖರ್ ಖರ್ ಅಂತಿತ್ತು. ಆಮ್ಯಾಲ ಒಂದೊಂದು ಅಕ್ಷರ ಕೇಳಿಸ್ತು ನೋಡ್ರಿ. ಏನು ಮಾಡಿದ್ರಿ?"

"ಬಯಾಸ್ ಸರಿ ಮಾಡಿದೆ ಕಾಕಾ" ಎಂದೆ.

ಹಿಂದೆಯೇ ಶಾರದೆ ನಿಂತಿದ್ದಳು!

"ಮುಂದಿನ ಸಲ ಮೊದಲ ಸುಟ್ಟಬಿಡ್ರಿ. ಆಮ್ಯಾಲ ಹಾಡಾಕ ಶುರು ಮಾಡ್ತೀನಿ" ಎಂದಳು.