ಎಸ್ಟೀಮಿನ ಬಾಗಿಲ ಮೇಲೆ ನನ್ನ ಹೆಸರು

ನಲವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಬರಬಹುದು, ಬಡ್ತಿ ಬರಬಹುದು, ಆದರೆ ರೇಸ್ ಕಾರು ಮಾತ್ರ ಬರಬಾರದು ಎಂದು ಯಾವ ಕಾನೂನಿನಲ್ಲಿ ಬರೆದಿದೆ? ಈ ಪ್ರಶ್ನೆಯನ್ನು ನಾನು ನನ್ನ ಧರ್ಮಪತ್ನಿ ರಾಧಾಳ ಮುಂದಿಟ್ಟಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಜೋರಾಯಿತು. ಅದೇ ಉತ್ತರ ಎಂದು ತಿಳಿದು ನಾನು ಅಡುಗೆಮನೆಯಿಂದ ಹೊರಗೆ ಬಂದೆ.

ವಿಷಯ ಇಷ್ಟು. ನಾನು ಅಂಬರೇಶ, ರಾಯಚೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಆ ಬೆಳಗ್ಗೆ ಮಾನ್ವಿಯ ಗಿರಣಿಗೆ ಅಕ್ಕಿ ತರಲು ಹೋಗಿದ್ದೆ. ಅಲ್ಲಿ ಖಾಲಿ ಚೀಲಗಳ ರಾಶಿಯ ಕೆಳಗಿಂದ ಒಂದು ಹೆಡ್‌ಲೈಟು ನನ್ನನ್ನೇ ನೋಡುತ್ತಿತ್ತು. ಚೀಲ ಸರಿಸಿದೆ. ಹಳೆಯ ಎಸ್ಟೀಮ್ ಕಾರು! ಒಳಗೆ ಒಂದೇ ಸೀಟು, ಸುತ್ತ ಕಬ್ಬಿಣದ ಪೈಪಿನ ಪಂಜರ, ಬಾಗಿಲ ಮೇಲೆ ಮಾಸಿದ ನಂಬರು. ತನ್ನ ಭಾವಮೈದುನ ಒಂದು ಕಾಲಕ್ಕೆ ಇದನ್ನು ರೇಸಿನಲ್ಲಿ ಓಡಿಸುತ್ತಿದ್ದನೆಂದೂ, ಮದುವೆಯಾದ ಮೇಲೆ ಬಿಟ್ಟನೆಂದೂ ಗಿರಣಿಯ ಹನುಮಂತ್ರಾಯ ಹೇಳಿದ. (ಎಲ್ಲರ ಕಥೆಯೂ ಅಲ್ಲೇ ನಿಲ್ಲುವುದು.) ಮೀಸೆ ಮೂಡುವ ಮೊದಲಿನಿಂದಲೂ ನನಗೊಂದು ಆಸೆ: ನಿಜವಾದ ಟ್ರ್ಯಾಕಿನ ಮೇಲೆ, ನಿಜವಾದ ರೇಸ್ ಕಾರಿನಲ್ಲಿ, ಒಂದೇ ಒಂದು ಸುತ್ತು. ನನ್ನ ಬೈಕಿನ ಕೀಲಿಯನ್ನು ಹನುಮಂತ್ರಾಯನ ಕೈಗಿಟ್ಟು ಕಾರನ್ನು ನನ್ನದು ಮಾಡಿಕೊಂಡೆ. ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಮನೆಗೆ ತಂದೆ.

“ಅಕ್ಕಿ ಎಲ್ಲಿ?” ಎಂದಳು ರಾಧಾ.

“ಮರತ್ನಿ.”

“ಬೈಕೆಲ್ಲಿ?”

“ಅದರ ಬದ್ಲಿನೇ ಇದು ಬಂದದ.”

ಅವಳು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಿಟಕಿಯಲ್ಲಿ ಇಣುಕಿದಳು. “ಹಿಂದಿನ ಸೀಟೆಲ್ಲಿ?”

“ರೇಸ್ ಕಾರಿಗೆ ಹಿಂದಿನ ಸೀಟು ಇರಂಗಿಲ್ಲ ರಾಧಾ.”

“ಅಂದ್ರ ನಾ ಎಲ್ಲಿ ಕುಂಡ್ರಬೇಕ್ರಿ?”

ವಿಜ್ಞಾನದಲ್ಲಿ ಇನ್ನೂ ಉತ್ತರ ಸಿಗದ ಪ್ರಶ್ನೆಗಳು ಹಲವಿವೆ. ಮರುದಿನದಿಂದ ಶಾಲೆಗೆ ಹೋಗಲು ನನಗೆ ಗಾಡಿಯಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿರುವ ರಾಧಾಳ ಸ್ಕೂಟರಿನ ಹಿಂದೆ ಕೂತು, ಇಬ್ಬರ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಗೇಟಿನ ಬಳಿ ಇಳಿಯುವಾಗ ಮಕ್ಕಳು ನಮಸ್ಕಾರ ಹೇಳಿದರು, ಅವಳಿಗೆ.

ಕಾರು ಹೋಗಿ ಸೇರಿದ್ದು ಮಾನ್ವಿ ರಸ್ತೆಯ ಗುಲಾಮ್ ರಸೂಲನ ಗ್ಯಾರೇಜಿಗೆ. ರಸೂಲ್ ಬಾಯಿಯಲ್ಲೇ ಅರ್ಧ ರಿಪೇರಿ ಮುಗಿಸುವ ಆಸಾಮಿ. “ಫಿಕರ್ ಮಾಡಬ್ಯಾಡ್ರಿ ಸರ್. ನಾ ಕೈ ಹಚ್ಚಿದ ಗಾಡಿ ರಸ್ತಾಕ ಕಾಲ ಊರಂಗಿಲ್ಲ” ಎಂದ. ಎಂಜಿನ್ ಬಿಚ್ಚಿದರೆ ಒಳಗೆ ಇಲಿಗಳ ಮೂರು ತಲೆಮಾರು ಭತ್ತದ ಹೊಟ್ಟಿನ ಹಾಸಿಗೆ ಹಾಸಿಕೊಂಡು ಸಂಸಾರ ಹೂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ಹೊಸ ಪಿಸ್ಟನ್ ಹಾಕಿದೆವು. ಮುಂದೆ ದೊಡ್ಡ ಬ್ರೇಕ್ ಡಿಸ್ಕ್, ಬಿಗಿಯಾದ ಶಾಕ್ ಅಬ್ಸಾರ್ಬರು, ನೆಲಕ್ಕೆ ಅಂಟುವ ಅಗಲ ಟೈರು. ಒಂದೊಂದು ಪಾರ್ಸೆಲ್ ಬಂದಾಗಲೂ ನಾನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದೆ. (ಸೈಲೆನ್ಸರ್ ಬಂದ ದಿನ ರಾಧಾ ಹಾಲ್‌ನಲ್ಲಿ ಮಲಗಿದಳು.) ಕೊನೆಗೊಂದು ಸಂಜೆ ಎಂಜಿನ್ ಗುಡುಗಿತು ನೋಡಿ, ಬೀದಿಯ ನಾಯಿಗಳೆಲ್ಲ ಒಮ್ಮೆಲೇ ಎದ್ದು ನಿಂತವು. ನಾನು ರಸೂಲನನ್ನು ತಬ್ಬಿಕೊಂಡೆ. ನನ್ನ ಬಿಳಿ ಅಂಗಿ ಅಂದಿಗೆ ಮುಗಿಯಿತು.

ಆಗ ನನ್ನೊಳಗಿನ ವಿಜ್ಞಾನಿ ಎದ್ದ. ಬಲ ಅಷ್ಟೇ ಇದ್ದು ಭಾರ ಕಡಿಮೆಯಾದರೆ ವೇಗ ಬೇಗ ಏರುತ್ತದೆ. ಇದನ್ನು ಒಂಬತ್ತನೇ ಕ್ಲಾಸಿಗೆ ವರ್ಷವರ್ಷವೂ ಹೇಳುವವನು ನಾನು. ‘ತೂಕ ಇಳಿಸು’ ಎಂದು ಆಜ್ಞೆ ಹೊರಡಿಸಿದೆ. ಹೀಟರ್ ಹೋಯಿತು, ಕಾರ್ಪೆಟ್ ಹೋಯಿತು, ಬಾಗಿಲಿನ ಒಳಹೊದಿಕೆ, ಹಾರ್ನು ಎಲ್ಲ ಹೋದವು. ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿಯ ಮೇಲೆ ನನ್ನ ಕಣ್ಣು ಬಿತ್ತು. ಓಡಿಸುವವನು ನಾನೊಬ್ಬನೇ, ಸರಿಯುವ ಸೀಟು ಯಾಕೆ? “ಹಳಿ ತಗಿ. ಅಳತಿ ನೋಡಿ ಸೀಟು ನೆಲಕ್ಕೇ ವೆಲ್ಡ್ ಹೊಡಿ” ಎಂದೆ.

“ಬೋಲ್ಟ್ ಹಾಕಿದ್ರ ಬಿಚ್ಚಾಕ ಬರ್ತದ ಸರ್.”

“ಬೋಲ್ಟಿಗೆ ಭಾರ ಇರಂಗಿಲ್ಲೇನು?”

ನನ್ನನ್ನು ಕರೆದೊಯ್ಯಲು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ರಾಧಾ ಕಿಸಕ್ಕನೆ ನಕ್ಕಳು. “ಭಾರ ಇಳಸೂದಿದ್ರ ಮೊದ್ಲ ನಿಮ್ಮ ಹೊಟ್ಟಿ ಇಳಸ್ರಿ. ಹಾರ್ನ್ ಏನು ಪಾಪ ಮಾಡಿತ್ತು?”

ಇಂಥ ಅವೈಜ್ಞಾನಿಕ ಮಾತಿಗೆ ನಾನು ಕಿವಿಗೊಡುವುದಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಜಾರುವ ಗಂಭೀರ ಸಮಸ್ಯೆಯನ್ನು ಸೀಮೆಸುಣ್ಣದಿಂದ ಗ್ಯಾರೇಜಿನ ಗೋಡೆಯ ಮೇಲೆ ಬಿಡಿಸಿ ರಸೂಲನಿಗೆ ವಿವರಿಸತೊಡಗಿದೆ. ರಾಧಾ ದೇವದುರ್ಗದವಳು, ಚಿಕ್ಕಂದಿನಿಂದ ಅಪ್ಪನ ಟ್ರ್ಯಾಕ್ಟರನ್ನು ಕೆಸರುಗದ್ದೆಯಲ್ಲಿ ಓಡಿಸಿದವಳು. “ಜಾರಿದ ಕಡೀಗೇ ಸ್ಟೇರಿಂಗ್ ತಿರವಿದ್ರ ಆತಲ್ರಿ. ಇದಕ್ಕ ಇಷ್ಟ್ಯಾಕ ಗೋಡಿ ಹೊಲಸು ಮಾಡಾಕತ್ತೀರಿ?” ಎಂದಳು. ಟ್ರ್ಯಾಕ್ಟರೇ ಬೇರೆ, ರೇಸ್ ಕಾರೇ ಬೇರೆ ಎಂದು ನಾನು ಕನಿಕರದಿಂದ ತಿಳಿಹೇಳಿದೆ.

ಹೈದರಾಬಾದಿನ ಆಚೆಗಿನ ಟ್ರ್ಯಾಕೊಂದರಲ್ಲಿ ಭಾನುವಾರ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದಿತ್ತು. ಹೆಸರು ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಸಾರಿದೆ. ಪೇಂಟರನ್ನು ಕರೆಸಿ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ‘ಅಂಬರೇಶ’ ಎಂದೂ, ಅದರ ಕೆಳಗೆ, ನಿಜವಾದ ರೇಸರುಗಳಂತೆ, ನನ್ನ ರಕ್ತದ ಗುಂಪು ‘ಓ ಪಾಸಿಟಿವ್’ ಎಂದೂ ಬರೆಸಿದೆ.

ಅಷ್ಟರಲ್ಲಿ ದೇವದುರ್ಗದಿಂದ ಅತ್ತೆ ಆದೆಮ್ಮನವರು ನಿಂಬೆಹಣ್ಣು, ಕುಂಬಳಕಾಯಿ ಸಮೇತ ಬಂದಿಳಿದರು. “ಅಳಿಯಾರ, ಹೊಸ ಗಾಡ್ಯಾಗ ಮೊದ್ಲ ಮನಿ ಹೆಣ್ಮಗಳು ಕುಂಡ್ರಬೇಕು. ನಮ್ಮ ಟ್ರ್ಯಾಕ್ಟರಿಗೂ ರಾಧಾನೇ ಕುಂತಿದ್ಳು. ಶುಕ್ರವಾರ ಪೂಜಿ ಮಾಡೋಣು. ರಾಹುಕಾಲದಾಗ ಮಾತ್ರ ಬ್ಯಾಡ, ಗಾಡಿ ಕೆಲಸ ಎಲ್ಲಾ ಅದರ ಮೊದ್ಲ ಮುಗಸ್ರಿ” ಎಂದರು. ತರಗತಿಯಲ್ಲಿ ನಾನು ರಾಹುಕಾಲವನ್ನು ನಂಬುವುದಿಲ್ಲ. ಆದರೆ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನು ಯಾರನ್ನೂ ಎದುರು ಹಾಕಿಕೊಳ್ಳಬಾರದು.

ಶುಕ್ರವಾರ ನನಗೆ ಪರೀಕ್ಷೆಯ ಡ್ಯೂಟಿ. ಹಾಲ್‌ನ ಹೊರಗೆ ನಿಂತಿದ್ದಾಗ ರಸೂಲನ ಫೋನು. “ಸರ್, ಅಮ್ಮ ಪೂಜಿ ಮಾಡಾಕತ್ತಾರ, ಅಕ್ಕ ಒಳಗ ಕುಂತಾರ. ಸೀಟು ವೆಲ್ಡ್ ಹೊಡಿಬೇಕು, ಬೆಲ್ಟು ಬಿಗಿಬೇಕು, ಬಿಚ್ಚಿಟ್ಟ ಮ್ಯಾಲಿನ ಪೈಪು ತಿರುಗಿ ಕೂಡಸ್ಬೇಕು. ನೀವು ಯಾವಾಗ ಬರ್ತೀರಿ?”

ಒಳಗೆ ಹುಡುಗರು ಒಬ್ಬರ ಮೇಲೊಬ್ಬರು ಬಗ್ಗುತ್ತಿದ್ದರು. ರಾಹುಕಾಲ ಬಾಗಿಲಲ್ಲೇ ನಿಂತಿತ್ತು. “ನಂಗ ಬರಾಕ ಆಗಂಗಿಲ್ಲಪಾ. ಕುಂತಾರಲ್ಲ, ಅವರಿಗೇ ನೋಡಿ ಬಿಗದು ಬಿಡು” ಎಂದು ಫೋನಿಟ್ಟೆ.

ಸಂಜೆ ಗ್ಯಾರೇಜಿಗೆ ಓಡಿ ಬಾಗಿಲು ತೆಗೆಯಲು ಕೈ ಹಾಕಿದರೆ ಅತ್ತೆ ಅಡ್ಡ ನಿಂತರು. ದೃಷ್ಟಿ ತೆಗೆದು ನಿಂಬೆಹಣ್ಣು ಕಟ್ಟಿದ ಗಾಡಿಯಲ್ಲಿ ಸುಮ್ಮನೆ ಕೂತು ಏಳಬಾರದು, ಕೂತರೆ ಹೊರಡಲೇಬೇಕು ಎಂದರು. ಇಷ್ಟು ವರ್ಷ ಕಾದವನಿಗೆ ಇನ್ನೆರಡು ದಿನ ಯಾವ ಲೆಕ್ಕ ಎಂದುಕೊಂಡೆ. ಕಿಟಕಿಯಿಂದ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ವಾಪಸಾದೆ.

ಭಾನುವಾರ ಬೆಳಗ್ಗೆ ಕಾರು ಲಾರಿಯಿಂದ ಇಳಿಯಿತು. ಜೊತೆಗೆ ನಾನು, ರಸೂಲ್, ಮತ್ತು ಶಾಲೆಯ ಕ್ರೀಡಾಕೂಟದ ಟ್ರ್ಯಾಕ್ ಪ್ಯಾಂಟು, ಬೂಟು ಹಾಕಿಕೊಂಡು ಡಬ್ಬಿ ಹಿಡಿದ ರಾಧಾ. ಟ್ರ್ಯಾಕಿನ ಕಪ್ಪು ಡಾಂಬರು ಕಂಡದ್ದೇ ತಡ, ನಾನು ಬಗ್ಗಿ ಅದನ್ನು ಕೈಯಿಂದ ಸವರಿದೆ. ತಪಾಸಣೆಗೆ ಬಂದ ಹುಡುಗಿ, ಜೋಯಾ ಎಂದು ಅವಳ ಹೆಸರು, ಬ್ರೇಕ್ ನೋಡಿದಳು, ಟೈರ್ ನೋಡಿದಳು, ಭೇಷ್ ಎಂದಳು. ಡ್ರೈವರ್ ಒಳಗೆ ಕೂತು ಬೆಲ್ಟ್ ಹಾಕಿ ತೋರಿಸಬೇಕು ಎಂದಳು.

ನಾನು ಆರಡಿ ಎತ್ತರದವನು, ಅದಕ್ಕೆ ತಕ್ಕ ಹೊಟ್ಟೆ. ಮೊದಲು ಒಂದು ಕಾಲು ಇಟ್ಟೆ. ಆಮೇಲೆ ಉಸಿರು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆ. ಮೊಣಕಾಲುಗಳು ಸ್ಟೇರಿಂಗಿನ ಎರಡೂ ಬದಿಗೆ ಎದ್ದು ನಿಂತವು. ಹೊಟ್ಟೆ ಸ್ಟೇರಿಂಗಿಗೆ ಒರಗಿತು. ಹೆಲ್ಮೆಟ್ಟು ಮೇಲಿನ ಪೈಪಿಗೆ ಟಣ್ ಎಂದಿತು. ಬೆಲ್ಟಿನ ಎರಡು ತುದಿಗಳು ನನ್ನ ಎರಡು ಪಕ್ಕದಲ್ಲಿ ಒಂದನ್ನೊಂದು ನೋಡಲಾಗದೆ ಜೋತುಬಿದ್ದಿದ್ದವು.

“ರಸೂಲಾ, ಇದು ಯಾರ ಅಳತಿ?” ನನ್ನ ದನಿ ನನಗೇ ದೂರದಿಂದ ಬಂದಂತಿತ್ತು.

“ಅಕ್ಕಂದೇ ಸರ್. ಕುಂತೋರಿಗೇ ಬಿಗಿ ಅಂತ ನೀವೇ ಅಂದ್ರಿ.”

“ಬಿಚ್ಚಿ ಹಿಂದಕ ಸರಸು.”

“ಹೆಂಗ್ ಸರಸಲಿ? ಬೋಲ್ಟ್ ಭಾರ ಅಂತ ವೆಲ್ಡ್ ಹೊಡಿಸಿದೋರೂ ನೀವೇ.”

ನನ್ನನ್ನು ಹೊರಗೆ ಎಳೆಯಲು ರಸೂಲ್, ರಾಧಾ ಇಬ್ಬರೂ ಬೇಕಾದರು. ಜೋಯಾ ಗಡಿಯಾರ ನೋಡಿದಳು. ಈಗ ಯಾರೂ ಓಡಿಸದಿದ್ದರೆ ಸರದಿ ಹೋಗುತ್ತದೆ, ಲೈಸೆನ್ಸ್ ಇರುವ ಬೇರೆಯವರು ಓಡಿಸಬಹುದು ಎಂದಳು. ರಸೂಲ್ ನನಗಿಂತ ಅಗಲ. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

“ಕಾರು ಅಷ್ಟು ದೂರ ಬಂದು ಹಂಗ ಹೋಗಬಾರದು. ಒಂದ್ ಸುತ್ತು ಹೊಡದು ಬರ್ತೀನಿ, ಈ ಡಬ್ಬಿ ಹಿಡೀರಿ” ಎಂದಳು ರಾಧಾ. ಟ್ರ್ಯಾಕ್ಟರಿನ ಕಾಲದಲ್ಲೇ ಮಾಡಿಸಿದ್ದ ಲೈಸೆನ್ಸ್ ತೋರಿಸಿ, ಅಲ್ಲೇ ಕೊಟ್ಟ ಹೆಲ್ಮೆಟ್ ತೊಟ್ಟು ಕೂತಳು. ಬೆಲ್ಟು ಅವಳಿಗೆ ರವಿಕೆ ಹೊಲಿದಷ್ಟು ಸರಿಯಾಗಿ ಕೂತಿತು.

ಮೊದಲ ಸುತ್ತು ಅವಳು ಶಾಲೆಗೆ ಹೊರಟವಳ ಹಾಗೆ ಹೋದಳು. ಎರಡನೇ ಸುತ್ತಿನಲ್ಲಿ ಎಂಜಿನ್ ಗುಡುಗಿತು. ದೊಡ್ಡ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ನಾನು ಡಬ್ಬಿಯನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ, ಕೆಸರುಗದ್ದೆಯಿಂದ ಬದುವಿಗೆ ಬಂದಷ್ಟು ಸಲೀಸಾಗಿ ನೇರವಾಗಿದ್ದಳು. ಮೈಕಿನಲ್ಲಿ ‘ಅಂಬರೇಶ್, ಅಂಬರೇಶ್’ ಎಂದು ಕೂಗಿದರು. ನಾನೂ ಕುಣಿದೆ, ಕೂಗಿದೆ, ರಸೂಲನ ಬೆನ್ನು ಗುದ್ದಿದೆ. ಹೊಟ್ಟೆಕಿಚ್ಚಾಯಿತೇ? ಆಯಿತು. ಆದರೆ ಅದಕ್ಕಿಂತ ದೊಡ್ಡ ಸಂಭ್ರಮವೂ ಆಯಿತು. ನಾನು ಕಟ್ಟಿಸಿದ ಕಾರು ಹಾರುತ್ತಿತ್ತು, ಒಳಗೆ ನನ್ನ ಹೆಂಡತಿ ಇದ್ದಳು. ಒಂದು ಸುತ್ತು ಎಂದವಳು ಸಮಯ ಮುಗಿದು ಬಾವುಟ ತೋರಿಸುವ ತನಕ ಇಳಿಯಲೇ ಇಲ್ಲ.

ರಸೂಲ್ ತೆಗೆದ ವಿಡಿಯೋದಲ್ಲಿ ಕಾರು ಬರುತ್ತಿದೆ, ಬಾಗಿಲ ಮೇಲೆ ನನ್ನ ಹೆಸರು ಹೊಳೆಯುತ್ತಿದೆ, ಒಳಗೆ ಹೆಲ್ಮೆಟ್ ತೊಟ್ಟ ಯಾರೋ. ಯಾರೆಂದು ಯಾರಿಗೆ ಗೊತ್ತು? ಸ್ಟಾಫ್ ಗ್ರೂಪಿಗೆ ಹಾಕಿಬಿಟ್ಟೆ. ಹೆಡ್‌ಮಾಸ್ಟರು ಕೂಡಲೇ ಎರಡು ಹೆಬ್ಬೆರಳು ಎತ್ತಿದರು. ‘ನಿಮ್ಮಲ್ಲಿ ಇಂಥ ಪ್ರತಿಭೆ ಇದೆಯೆಂದು ಗೊತ್ತಿರಲಿಲ್ಲ ಸರ್’ ಎಂದು ಗಣಿತದವರು ಬರೆದರು. ನಾನು ವಿನಯದಿಂದ ಕೈಮುಗಿದ ಚಿತ್ರ ಕಳಿಸಿದೆ. ಆಮೇಲೆ ಗ್ರೂಪು ನಿಶ್ಶಬ್ದವಾಯಿತು. ಅನುಮಾನ ಬಂದು ವಿಡಿಯೋವನ್ನು ಕೊನೆಯವರೆಗೆ ನೋಡಿದೆ. ಕೊನೆಯಲ್ಲಿ ಕಾರು ನಿಲ್ಲುತ್ತದೆ, ರಾಧಾ ಹೆಲ್ಮೆಟ್ ತೆಗೆದು, “ರೀ, ಡಬ್ಬಿ ತರ್ರಿ, ಹಸಿವಿ ಆಗ್ಯದ” ಎನ್ನುತ್ತಾಳೆ. ನಾನು ಡಬ್ಬಿ ಹಿಡಿದು ಓಡಿ ಬರುತ್ತೇನೆ.

ಮೊನ್ನೆ ಪೇಂಟರ್ ಬಂದಿದ್ದ. ಹೆಸರು ಅಳಿಸಿ ಬರೆಯುವ ತಾಪತ್ರಯವೇ ಬೀಳಲಿಲ್ಲ, ‘ಅಂಬರೇಶ’ಕ್ಕೆ ಮೊದಲು ‘ಶ್ರೀಮತಿ ರಾಧಾ’ ಎಂದು ಸೇರಿಸಿದ, ಅಷ್ಟೆ. ಕೆಳಗಿನ ರಕ್ತದ ಗುಂಪಾದರೂ ನನ್ನದು ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಸ್ಕೂಟರಿನ ಮೇಲೆ ಹಿಂದೆ ಕೂತು ರಾಧಾಳನ್ನು ಕೇಳಿದೆ. ಅವಳದೂ ಓ ಪಾಸಿಟಿವ್ ಅಂತೆ.