ಗೆಣಸಿನ ಟೆಂಪೋದಲ್ಲಿ ಗುರುಪುತ್ರಪ್ಪ

ಎಲ್ಲಕ್ಕೂ ಕಾರಣ ಒಂದು ಚೀಲದ ಬಾಯಿ.

ಜಾಂಬೋಟಿ ಕಾಡಿನ ಅಂಚಿನಲ್ಲಿ ಹಾಕಿದ್ದ ಟೆಂಟಿನ ಹೊರಗೆ, ಆರು ಮಂದಿಯ ದಿನಸಿ ತುಂಬಿದ್ದ ಚೀಲ ಅದು. ನಸುಕಿನಲ್ಲಿ ಗುರುಪುತ್ರಪ್ಪನಿಗೆ ಎಚ್ಚರವಾಯಿತು. ಉಳಿದ ಐವರು ಗೊರಕೆ ಹೊಡೆಯುತ್ತಿದ್ದರು. ಆತ ಕಳ್ಳಬೆಕ್ಕಿನ ಹಾಗೆ ಹೋಗಿ, ಚೀಲದ ಜಿಪ್ ಎಳೆದು, ಒಂದು ಹಿಡಿ ಶೇಂಗಾ ಒಂದು ಚೂರು ಬೆಲ್ಲ ತಿಂದು ಬಂದು ಮತ್ತೆ ಮಲಗಿದ. ಜಿಪ್ ಹಾಕುವುದನ್ನು ಮರೆತ.

ಬೆಳಕು ಹರಿದಾಗ ಅವಲಕ್ಕಿ ಮಂಗಗಳ ಹೊಟ್ಟೆಯಲ್ಲಿತ್ತು, ರವೆ ಮಣ್ಣಿನಲ್ಲಿತ್ತು. ಒಂದು ಮುದಿ ಮಂಗ ಮರದ ಮೇಲೆ ಕೂತು ಚಹಾಪುಡಿಯ ಪೊಟ್ಟಣವನ್ನು ಮೂಸಿ, ಮುಖ ಸಿಂಡರಿಸಿ, ಕೆಳಗೆ ಸುರಿಯಿತು. ಹೋಗುವಾಗ ಮಂಗಗಳು ಟೆಂಟಿನ ಹಗ್ಗವನ್ನೂ ಕಡಿದು ಎಳೆದುಕೊಂಡು ಹೋದವು.

ಗುರುಪುತ್ರಪ್ಪ ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ವಯಸ್ಸು ಐವತ್ತನಾಲ್ಕು, ಮೀಸೆ ದಪ್ಪ, ಸಿಟ್ಟು ಮೂಗಿನ ತುದಿಯಲ್ಲಿ. ಅದೇ ಕಚೇರಿಯ ವಿನೀತ ಎಂಬ ಹುಡುಗ ಇಂಜಿನಿಯರು ಎಂಟು ದಿನ ಬೆಳಗಾವಿಯಿಂದ ಕ್ಯಾಸಲ್ ರಾಕ್‌ವರೆಗೆ ಕಾಡುಹಾದಿಯಲ್ಲಿ ನಡೆಯುವ ತಂಡ ಕಟ್ಟಿದ್ದ. ಗುರುಪುತ್ರಪ್ಪ ಅದಕ್ಕೆ ಸೇರಿದ್ದು ಹೊರಡುವ ಹಿಂದಿನ ದಿನ ಸಂಜೆ, ಏಕಾಏಕಿ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದರೆ ಬೈಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಮಹಾಂತೇಶ ನಗರದ ಮನೆಯಿಂದ ಹೊರಟಾಗ ಬಾಜು ಮನೆಯ ಕಲ್ಲಯ್ಯ ಗೇಟಿಗೆ ಆನಿಕೊಂಡು ನಿಂತಿದ್ದ.

"ಎಂಟ ದಿನಾ? ನೀನು? ನಾಲ್ಕನೇ ದಿನಾ ಸಂಜಿಗೆ ನಿನ್ನ ಗೇಟಿನ ಸಪ್ಪಳಾ ನನಗ ಕೇಳ್ತೈತಿ ನೋಡು."

"ಕೇಳಿದರ ಈ ಮೀಸಿ ತಗಸ್ತೀನಿ!" ಎಂದು ಗುರುಪುತ್ರಪ್ಪ ಓಣಿಯ ಎಂಟು ಮಂದಿಯ ಎದುರಿಗೆ ಕೂಗಿ ಹೇಳಿ ಬಂದಿದ್ದ.

ಇವತ್ತು ನಾಲ್ಕನೇ ದಿನ.

"ಜಿಪ್ ತೆಗದವರ ಹೋಗಿ ಸಾಮಾನ ತರಬೇಕ್ರಿ," ಎಂದ ವಿನೀತ, ಗುರುಪುತ್ರಪ್ಪನ ಮೀಸೆಗೆ ಅಂಟಿದ್ದ ಬೆಲ್ಲವನ್ನೇ ನೋಡುತ್ತ. "ಬಸ್ಸು ಇನ್ನ ಸಂಜಿಗೆ. ಯಾವದರ ಗಾಡಿಗೆ ಕೈ ಮಾಡಿ ಖಾನಾಪುರಕ್ಕ ಹೋಗ್ರಿ, ಸಾಮಾನ ತೊಗೊಂಡು ಹಂಗ ಕೈ ಮಾಡಿ ಬರ್ರಿ. ಸಾಮಾನಿಗೆ ಗಾಡಿ ಹತ್ತಿದರ ನಡಿಯೂ ನಿಯಮ ಮುರಿಯೂದಿಲ್ಲ. ನಾಲ್ಕರೊಳಗ ಬರ್ರಿ, ಹಗ್ಗಾ ಇಲ್ಲದ ಟೆಂಟ್ ನಿಲ್ಲಂಗಿಲ್ಲ."

ಗುರುಪುತ್ರಪ್ಪ ಖಾಲಿ ಚೀಲ ಹೆಗಲಿಗೆ ಹಾಕಿ, ಕೈಯಲ್ಲಿ ಕೋಲು ಹಿಡಿದು ರಸ್ತೆಗೆ ಬಂದು ಮಧ್ಯಾಹ್ನದವರೆಗೆ ನಿಂತ. ನಾಲ್ಕು ದಿನದ ಗಡ್ಡ, ಕೆಂಪುಮಣ್ಣು ಮೆತ್ತಿದ ಪ್ಯಾಂಟು, ಬಾಡಿದ ಮುಖ. ಮೊದಲು ಬಂದ ಗಾಡಿಯೇ ನಿಂತಿತು. ಗೆಣಸಿನ ಮೂಟೆ ತುಂಬಿದ ಟೆಂಪೋ. ಚಾಲಕನ ಹೆಸರು ಬೀರಣ್ಣ. ಪಕ್ಕದಲ್ಲಿ, ಮಗಳ ಮನೆಯಿಂದ ಪಾರಿಶ್ವಾಡಕ್ಕೆ ಹಿಂದಿರುಗುತ್ತಿದ್ದ ಅಕ್ಕವ್ವ ಎಂಬ ಮುದುಕಿ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಹತ್ರಿ ಸಾಹೇಬ್ರ, ಖಾನಾಪುರದ ಮ್ಯಾಲೇ ಹಾದು ಬೆಳಗಾವಿ ಮಾರ್ಕೆಟ್ಟಿಗೆ ಹೊಂಟೇನಿ," ಎಂದ ಬೀರಣ್ಣ. ಅಕ್ಕವ್ವ ಕೆಳಗಿಳಿದು ಆತನನ್ನು ನಡುವೆ ಕೂರಿಸಿ, ತಾನು ಬಾಗಿಲ ಕಡೆ ಕೂತಳು.

ಗುರುಪುತ್ರಪ್ಪನಿಗೆ ಹಾಯೆನಿಸಿತು. ಹೆಸರು ಕೇಳದೆ, ಊರು ಕೇಳದೆ ಹತ್ತಿಸಿಕೊಂಡರಲ್ಲ, ಎಂಥ ಜನ ಎಂದುಕೊಂಡ. ಟೆಂಪೋ ಎರಡನೇ ಗೇರಿಗೆ ಬೀಳುವಷ್ಟರಲ್ಲಿ ಅಕ್ಕವ್ವ ಎರಡನ್ನೂ ಕೇಳಿದಳು.

"ಬೆಳಗಾವ್ಯಾವನು ಇಲ್ಲೇನು ಮಾಡಾಕತ್ತಿ ತಮ್ಮಾ?"

"ನಡಿಯಾಕತ್ತೇನಿ. ಕ್ಯಾಸಲ್ ರಾಕ್‌ತನಕಾ."

"ಅಲ್ಲಿ ಯಾರದಾರ?"

"ಯಾರೂ ಇಲ್ಲ."

"ಯಾರೂ ಇಲ್ಲದ ಊರಿಗೆ ಯಾಕ ಹೊಂಟಿ?"

"ಸುಮ್ನ."

"ಅಲ್ಲಿಗೆ ರೈಲು ಹೋಗ್ತೈತೆಲ್ಲೊ."

"ಗೊತ್ತೈತಿ!" ಎಂದು ಗುರುಪುತ್ರಪ್ಪ ಗುಡುಗಿದ.

ಅಕ್ಕವ್ವ ಬುತ್ತಿಯ ಗಂಟು ಸರಿಮಾಡಿಕೊಂಡು ಮತ್ತೆ ಶುರುಮಾಡಿದಳು. "ಮಲಗೂದೆಲ್ಲಿ?"

"ಕಾಡಾಗ. ನನ್ನ ಕೂಡ ಇನ್ನ ಐದು ಮಂದಿ ಅದಾರವಾ."

"ನನಗ ಒಬ್ಬಾಂವನ ಕಾಣ್ತಿ." ಆಕೆ ಆತನ ಮುಖವನ್ನು ಆಕಳ ಹಲ್ಲು ನೋಡುವವರ ಹಾಗೆ ನೋಡಿದಳು. "ಹೇಣ್ತಿ ಅದಾಳಿಲ್ಲೊ?"

"ಅದಾಳ."

"ಅರಾಮ ಅದಾಳ?"

"ಅಕೀ ಸುದ್ದಿ ಈಗ ಯಾಕವಾ!"

ಅಕ್ಕವ್ವ ಆತನ ತಲೆಯ ಮೇಲಿಂದ ಬೀರಣ್ಣನನ್ನು ನೋಡಿದಳು. ಬೀರಣ್ಣ ಮೆತ್ತಗೆ ಕೇಳಿದ, "ಸಾಹೇಬ್ರ, ನಿಮ್ಮ ಫೋನು?"

"ಬಂದ್ ಆಗೇತಿ."

"ಬಂದ್ ಮಾಡ್ಯಾರ," ಎಂದು ಬೀರಣ್ಣ ಗೆಣಸಿನ ಮೂಟೆಗೆ ಹೇಳುವಂತೆ ಹೇಳಿಕೊಂಡ.

ಖಾನಾಪುರದಲ್ಲಿ ಇಬ್ಬರೂ ಆತನ ಹಿಂದೆಯೇ ಇಳಿದರು. ಗಂಗಾದೇವಿಯ ಕಿರಾಣಿ ಅಂಗಡಿಯಲ್ಲಿ ಸಾಮಾನು ಚೆನ್ನಾಗಿರುತ್ತದೆಂದು ಬೀರಣ್ಣ ಕರೆದೊಯ್ದ. ಗುರುಪುತ್ರಪ್ಪ ಪಟ್ಟಿ ಹಿಡಿದು ಅವಲಕ್ಕಿ, ರವೆ, ಚಹಾಪುಡಿ, ಸಕ್ಕರೆ, ಉಳ್ಳಾಗಡ್ಡಿ ಎಲ್ಲ ಹೇಳಿದ. ಅಷ್ಟರಲ್ಲಿ ಅಕ್ಕವ್ವ ಅಂಗಡಿಯೊಳಗೆ ನುಗ್ಗಿ ಗಂಗಾದೇವಿಯ ಕಿವಿಯಲ್ಲಿ ಏನೋ ಉಸುರಿದ್ದಳು.

"ಇನ್ನೊಂದು," ಎಂದ ಗುರುಪುತ್ರಪ್ಪ. "ಹಗ್ಗಾ ಕೊಡ್ರಿ. ಗಟ್ಟಿ ಇರಬೇಕು. ನನ್ನಷ್ಟು ಭಾರ ತಡೀಬೇಕು."

ಅಂಗಡಿಯಲ್ಲಿ ತಕ್ಕಡಿಯ ಸದ್ದೂ ನಿಂತಿತು.

"ಹಗ್ಗಾ ಖಾಲಿ ಆಗ್ಯಾವ್ರಿ," ಎಂದಳು ಗಂಗಾದೇವಿ. ಆಕೆಯ ತಲೆಯ ಮೇಲೆ ಎಂಟು ಕಟ್ಟು ಹಗ್ಗ ನೇತಾಡುತ್ತಿದ್ದವು.

"ಅಲ್ಲಿ ಕಾಣಾಕತ್ತಾವಲ್ಲ!"

"ಅವು ಮಾರಾಕಲ್ರಿ. ಚಂದ ಕಾಣ್ಲಿ ಅಂತ ಹಾಕೇವಿ."

"ಹಗ್ಗಾ ಚಂದಕ್ಕ ಯಾರ ಹಾಕ್ತಾರ್ರೀ? ನಿಮಗ ತಲಿ ಸರಿ ಐತೊ ಇಲ್ಲೊ?" ಗುರುಪುತ್ರಪ್ಪನ ಮೀಸೆ ಕುಣಿಯಿತು. "ಒಂದು ಕೊಡ್ರಿ ಅಂದ್ರ ಕೊಡ್ರಿ. ನನಗ ನಾಲ್ಕರೊಳಗ ಕಾಡಿಗೆ ಹೋಗಿ ಕಟ್ಟಬೇಕಾಗೇತಿ!"

ಗಂಗಾದೇವಿಯ ಕಣ್ಣಲ್ಲಿ ನೀರು ಬಂತು. ಆಕೆ ಹೊರಗೆ ಬಂದು ಆತನ ಚೀಲಕ್ಕೆ ನಾಲ್ಕು ಬಾಳೆಹಣ್ಣು ಹಾಕಿ, "ಅಣ್ಣಾರ, ಸಂಸಾರ ಅಂದ ಮ್ಯಾಲೆ ಮಾತು ಬರ್ತಾವ ಹೋಗ್ತಾವ. ಎಲ್ಲಾ ಸರಿ ಆಗ್ತೈತಿ," ಎಂದಳು. ಗುರುಪುತ್ರಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೆಗಲು ಹಾರಿಸಿ ಹೊರಬಿದ್ದ.

"ಬರ್ರಿ ಸಾಹೇಬ್ರ, ಜಾಂಬೋಟಿ ರಸ್ತೆಗೆ ನಾನ ಬಿಡ್ತೀನಿ. ಅಲ್ಲಿ ಗಾಡಿ ಸಿಗ್ತಾವ," ಎಂದ ಬೀರಣ್ಣ.

ಮತ್ತೆ ಅದೇ ನಡುವಿನ ಸೀಟು. ಅಕ್ಕವ್ವ ಈ ಸಲ ಬಾಗಿಲ ಚಿಲಕ ಹಾಕಿ ಅದರ ಮೇಲೆ ಮೊಣಕೈ ಊರಿ ಕೂತಳು. ಪಾರಿಶ್ವಾಡದ ಬಸ್ಸು ಎದುರಿಗೇ ಹಾದುಹೋಯಿತು. ಆಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಟೆಂಪೋ ಜಾಂಬೋಟಿ ರಸ್ತೆಯನ್ನು ದಾಟಿ ಬೆಳಗಾವಿಯ ಹೆದ್ದಾರಿಗೆ ಹತ್ತಿತು.

"ಏಯ್! ದಾರಿ ತಪ್ಪಿತಲ್ಲೋ!"

"ಇಲ್ರಿ ಸಾಹೇಬ್ರ. ಈಗ ದಾರಿಗೆ ಬಂತು."

ಗುರುಪುತ್ರಪ್ಪ ಬೈದ. ಐದು ಮೈಲಿ ಬೈದ. ಕಚೇರಿಯಲ್ಲಿ ಮೂವತ್ತು ವರ್ಷ ಕಲಿತ ಬೈಗುಳವೆಲ್ಲ ಮುಗಿಯಿತು. "ಬೈರಿ. ಎದಿಯಾಗ ಇಟಗೋಬ್ಯಾಡ್ರಿ," ಎಂದ ಬೀರಣ್ಣ.

ಬೈದು ಬೈದು ಗುರುಪುತ್ರಪ್ಪನಿಗೆ ಹಸಿವಾಯಿತು. ಇದಕ್ಕೇ ಕಾದಿದ್ದವಳಂತೆ ಅಕ್ಕವ್ವ ಬುತ್ತಿ ಬಿಚ್ಚಿದಳು. ತೆಳ್ಳನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ನಾಲ್ಕು ದಿನ ಅರೆಬೆಂದ ಖಿಚಡಿ ತಿಂದಿದ್ದ ಆತನ ಮೂಗು ಅರಳಿತು.

"ಬದನಿಕಾಯಿ ಪಲ್ಯಾನೂ ಐತಿ ತಮ್ಮಾ," ಎಂದಳು ಅಕ್ಕವ್ವ.

"ಬದನಿಕಾಯಿ ಹೆಸರ ತಗೀಬ್ಯಾಡ ನನ್ನ ಮುಂದ!"

ಅಕ್ಕವ್ವ ಮತ್ತೆ ಬೀರಣ್ಣನ ಕಡೆ ನೋಡಿದಳು. ಗೊತ್ತಾಯಿತೆನ್ನುವಂತೆ ಬೀರಣ್ಣ ತಲೆಯಾಡಿಸಿದ.

ಎರಡು ರೊಟ್ಟಿ ಒಳಗೆ ಹೋದ ಮೇಲೆ ಗುರುಪುತ್ರಪ್ಪನ ದನಿ ಇಳಿಯಿತು. ನಾಲ್ಕನೇ ರೊಟ್ಟಿಗೆ ಆತ ಕಿಟಕಿಯಾಚೆ ನೋಡತೊಡಗಿದ. ಯಾರೋ ಗುರುತಿಲ್ಲದ ಮುದುಕಿ. ತನ್ನ ಬಸ್ಸು ಬಿಟ್ಟಳು, ತನ್ನ ಬುತ್ತಿ ಕೊಟ್ಟಳು, ತನ್ನ ಪಾಲಿಗೆ ಒಂದು ರೊಟ್ಟಿಯನ್ನೂ ಉಳಿಸಿಕೊಳ್ಳಲಿಲ್ಲ. ಇಂಥವರನ್ನು ಬೈದೆನಲ್ಲ ಎಂದು ಆತನಿಗೆ ನಾಚಿಕೆಯಾಯಿತು. ಆಮೇಲೆ ಕಲ್ಲಯ್ಯನ ಮುಖ ನೆನಪಾಗಿ, ನಾಚಿಕೆ ಮರೆತುಹೋಗಿ, ಕೈ ತಾನಾಗಿ ಮೀಸೆಗೆ ಹೋಯಿತು.

ಬೆಳಗಾವಿಯ ಉದ್ಯಮಬಾಗ ದಾಟಿದ ಮೇಲೆ ಒಂದು ಸರ್ಕಲ್ಲಿನಲ್ಲಿ ಟೆಂಪೋ ನಿಂತಿತು. ಸಂಚಾರಿ ಪೊಲೀಸನೊಬ್ಬ ಎದುರಿಗೇ ನಿಂತಿದ್ದ.

"ಸಾಹೇಬ್ರ, ಸಾಹೇಬ್ರ!" ಎಂದು ಗುರುಪುತ್ರಪ್ಪ ಅಕ್ಕವ್ವನ ಮೇಲಿಂದ ಕತ್ತು ಚಾಚಿದ. "ಇವರು ನನ್ನ ಹೊತಗೊಂಡು ಹೊಂಟಾರ್ರಿ! ಇಳಿಸಾಕ ಹೇಳ್ರಿ!"

ಪೊಲೀಸ ಬಾಗಿಲ ಬಳಿ ಬಂದ. ಅಕ್ಕವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಾಲ್ಕು ಮಾತು ಹೇಳಿದಳು. ಪೊಲೀಸ ಗುರುಪುತ್ರಪ್ಪನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ನಾನೂ ಹೋದ ವರ್ಷ ಮನಿ ಬಿಟ್ಟು ಹೋಗಿದ್ನಿರಿ," ಎಂದ. "ಎರಡ ದಿನ. ಹೊರಗಿನ ಊಟಾ ಮೈಗೆ ಹತ್ತಂಗಿಲ್ಲ. ಹೋಗ್ರಿ, ಮನಿಗೆ ಹೋಗ್ರಿ." ಸೀಟಿ ಊದಿ, ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ, ಗೆಣಸಿನ ಟೆಂಪೋಗೆ ದಾರಿ ಮಾಡಿಕೊಟ್ಟ.

"ಮನಿ ಬಿಟ್ಟು?" ಗುರುಪುತ್ರಪ್ಪನಿಗೆ ಆಗಷ್ಟೇ ಎಲ್ಲ ಹೊಳೆಯಿತು. ಹಗ್ಗ, ಬಾಳೆಹಣ್ಣು, ಗಂಗಾದೇವಿಯ ಕಣ್ಣೀರು. "ಅಯ್ಯ, ನಾ ಮನಿ ಬಿಟ್ಟು ಬಂದಾಂವಲ್ರೋ! ಹಗ್ಗಾ ಟೆಂಟಿಗೆ! ಮಂಗ್ಯಾ ಕಡದು ಒಯ್ದಾವ!"

"ಹೌದ್ಹೌದು, ಮಂಗ್ಯಾ," ಎಂದು ಅಕ್ಕವ್ವ ಆತನ ಬೆನ್ನು ಸವರಿದಳು.

ಸಂಜೆ ಐದಕ್ಕೆ ಮಹಾಂತೇಶ ನಗರದಲ್ಲಿ ಗೇಟು ಕಿರ್ರೆಂದಿತು. ಬಾಜು ಮನೆಯ ಕಟ್ಟೆಯ ಮೇಲೆ ಕಲ್ಲಯ್ಯ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತ. ನಾಲ್ಕು ಬೆರಳು ತೋರಿಸಿ, ಅದೇ ಕೈಯ ಎರಡು ಬೆರಳನ್ನು ತನ್ನ ಮೂಗಿನ ಕೆಳಗೆ ಕತ್ತರಿಯಂತೆ ಆಡಿಸಿದ.

ಗುರುಪುತ್ರಪ್ಪನ ಹೆಂಡತಿ ಕಾಂತಾ ಬಾಗಿಲಿಗೆ ಬಂದಳು.

"ಕಾಂತಾ, ನೀನರ ಹೇಳು ಇವರಿಗೆ!" ಎಂದು ಆತ ಅಂಗಳದಿಂದಲೇ ಕೂಗಿದ. "ನಾ ಜಗಳಾ ಮಾಡಿ ಮನಿ ಬಿಟ್ಟು ಹೋಗೇನಂತ ಹಿಡಕೊಂಡು ಬಂದಾರ!"

ಕಾಂತಾ ಗಂಡನನ್ನು ನೋಡಿದಳು. ಟೆಂಪೋ ನೋಡಿದಳು. ಕೈಮುಗಿದು ನಿಂತ ಬೀರಣ್ಣನನ್ನು, ಖಾಲಿ ಬುತ್ತಿಯ ಗಂಟು ಹಿಡಿದಿದ್ದ ಅಕ್ಕವ್ವನನ್ನು ನೋಡಿದಳು.

"ಮತ್ತ ಹೆಂಗ ಹೋಗಿದ್ರಿ?" ಎಂದಳು. "ಬದನಿಕಾಯಿ ಪಲ್ಯಾಕ ಉಪ್ಪು ಹೆಚ್ಚಾಗೇತಿ ಅಂತ ತಾಟು ಸರಿಸಿದ್ರಿ. ಎಂಟ ದಿನಾ ನಿನ್ನ ಕೈಯಾಗ ಉಣ್ಣಂಗಿಲ್ಲ ಅಂದ್ರಿ. ಅವತ್ತ ಸಂಜಿಗೆ ಆ ವಿನೀತಗ ಫೋನ್ ಮಾಡಿ, ನಾನೂ ಬರ್ತೀನಿ ಅಂದ್ರಿ. ಅದಕ್ಕಿಂತ ಮೊದಲ ನೀವು ಹಾಲು ತರಾಕರ ನಡದು ಹೋಗಿದ್ರೇನು?"

ಗುರುಪುತ್ರಪ್ಪ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ.

"ನಾ ಹೇಳಿದ್ನಿಲ್ಲೊ," ಎಂದಳು ಅಕ್ಕವ್ವ ಬೀರಣ್ಣನಿಗೆ.

ಬೀರಣ್ಣ ಗೆಣಸು ಇಳಿಸಲು ಮಾರ್ಕೆಟ್ಟಿಗೆ ಹೊರಟ. ಚಹಾ ಕುಡಿದು ಹೋಗೆಂದರೆ ನಿಲ್ಲಲಿಲ್ಲ. ಬದಲಿಗೆ ಅರ್ಧ ಮೂಟೆ ಗೆಣಸು ಅಂಗಳದಲ್ಲಿ ಸುರಿದುಹೋದ. ಅಕ್ಕವ್ವನನ್ನು ಕಾಂತಾ ಹೋಗಗೊಡಲಿಲ್ಲ. ಊಟಕ್ಕೆ ಬದನೇಕಾಯಿ ಪಲ್ಯವೇ ಇತ್ತು. ಗುರುಪುತ್ರಪ್ಪ ತಲೆ ಬಗ್ಗಿಸಿ ಮೂರು ಸಲ ಬಡಿಸಿಕೊಂಡು, "ಉಪ್ಪು ಸರಿ ಐತಿ," ಎಂದ. ಇಪ್ಪತ್ತೆಂಟು ವರ್ಷದಲ್ಲಿ ಆತ ಹಾಗೆಂದದ್ದು ಅದೇ ಮೊದಲು. ಕಾಂತಾ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಜೀವ ಬಂದ ಫೋನಿಗೆ ವಿನೀತನ ಸುದ್ದಿ ಬಂದಿತ್ತು: ಹತ್ತಿರದ ಹಳ್ಳಿಯವರು ಕರೆದೊಯ್ದು ರೊಟ್ಟಿ ಬಡಿಸಿ ಮಲಗಲು ಜಾಗ ಕೊಟ್ಟಿದ್ದಾರೆ, ಚಿಂತೆಯಿಲ್ಲ, ಆದರೆ ನಾಳೆ ಹಗ್ಗ ಬೇಕೇ ಬೇಕು.

ಮರುದಿನ ಬೆಳಿಗ್ಗೆ, ಕೊಟ್ಟ ಮಾತಿನಂತೆ, ಕಲ್ಲಯ್ಯನ ಎದುರಿಗೇ ಮೀಸೆ ಹೋಯಿತು. ಕಾಂತಾ ಆರು ಮಂದಿಗೆ ರೊಟ್ಟಿ ಕಟ್ಟಿಕೊಟ್ಟಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಆತನ ಹೆಗಲಿಗೆ ಹಾಕಿ, "ಉಳದ ನಾಲ್ಕ ದಿನಾ ಮುಗಿಸೇ ಬರ್ರಿ," ಎಂದಳು. ಖಾನಾಪುರದವರೆಗೆ ಬಸ್ಸಿನಲ್ಲಿ ಅಕ್ಕವ್ವನೂ ಜೊತೆಗಿದ್ದಳು. ಆಕೆಯನ್ನು ಪಾರಿಶ್ವಾಡದ ಬಸ್ಸಿಗೆ ಹತ್ತಿಸಿ, ಯಾರೂ ನೋಡದಾಗ ಕಾಲು ಮುಟ್ಟಿ ನಮಸ್ಕರಿಸಿ, ಗುರುಪುತ್ರಪ್ಪ ಜಾಂಬೋಟಿ ರಸ್ತೆಯಲ್ಲಿ ನಿಂತು ಕೈ ಮಾಡಿದ. ಮನಸ್ಸು ಹಗುರಾಗಿತ್ತು. ಇನ್ನು ಮೇಲೆ ದಾರಿಯಲ್ಲಿ ಯಾರನ್ನೂ ಬೈಯಬಾರದೆಂದು ನಿಶ್ಚಯಿಸಿದ್ದ.

ಮೊದಲು ಬಂದ ಗಾಡಿಯೇ ನಿಂತಿತು. ಮಾರ್ಕೆಟ್ಟಿನಿಂದ ಊರಿಗೆ ಹಿಂದಿರುಗುತ್ತಿದ್ದ ಖಾಲಿ ಟೆಂಪೋ.

"ಬೀರಣ್ಣಾ! ನೀನ ಸಿಕ್ಕಿ ನೋಡು, ಭಾಳ ಚಲೋ ಆತು!" ಎಂದು ಗುರುಪುತ್ರಪ್ಪ ಹಾರಿ ಹತ್ತಿ, ಬಾಗಿಲು ಜಡಿದುಕೊಂಡು, ಚೀಲ ಕೆಳಗಿಟ್ಟ. "ನಡಿ, ಜಾಂಬೋಟಿಗೆ!"

ಬೀರಣ್ಣ ಆತನ ಮುಖ ನೋಡಿದ. ಮೀಸೆ ಇರಲಿಲ್ಲ. ಹೆಗಲು ನೋಡಿದ. ಹಗ್ಗ ಇತ್ತು.

"ಹಗ್ಗಾ ಮನ್ಯಾಗಿಂದ ತಂದ್ರೇನ್ರಿ?" ಎಂದ.

"ಹೌದೋ. ಹೇಣ್ತಿನ ಕೊಟ್ಟಳು."

ಬೀರಣ್ಣ ಕಣ್ಣೊರೆಸಿಕೊಂಡ. ಆಮೇಲೆ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದ. ಟೆಂಪೋ ನಡುರಸ್ತೆಯಲ್ಲಿ ಒಂದು ಸುತ್ತು ಸುತ್ತಿ, ಬೆಳಗಾವಿಯ ಕಡೆ ಮುಖ ಮಾಡಿ, ನಿನ್ನೆಗಿಂತ ಜೋರಾಗಿ ಓಡತೊಡಗಿತು.